ಮೊದಲು ಮಗು, ಆಮೇಲೆ ಕ್ಯಾಮೆರಾ: ದೂರದಿಂದ ಆರ್‌ಓಪಿ ತಪಾಸಣೆ ಮಾಡಿಸಿದ ನನ್ನ ಅನುಭವ

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ರೆಟಿನಾದ (ಕಣ್ಣಿನ ಒಳಪರದೆಯ) ರಕ್ತನಾಳಗಳು ಸರಿಯಾಗಿ ಬೆಳೆಯದೆ, ಕುರುಡುತನಕ್ಕೂ ದಾರಿಯಾಗಬಲ್ಲ ಕಾಯಿಲೆ ಆರ್‌ಓಪಿ. ನರ್ಸ್ ತೆಗೆದ ರೆಟಿನಾ ಚಿತ್ರ ನಂಬಿ ಅದನ್ನು ನಿರ್ಧರಿಸುವುದು ಆಗದ ಮಾತು ಎಂದು ನಮ್ಮ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಬಹಳ ಕಾಲ ಹೇಳುತ್ತಿದ್ದರು. ವೈದ್ಯರಲ್ಲದವರಿಗೆ ತರಬೇತಿ ಕೊಟ್ಟು ಚಿತ್ರ ತೆಗೆಸುವ ಕಿಡ್‌ರಾಪ್ ಕಾರ್ಯಕ್ರಮ ಕರ್ನಾಟಕದಲ್ಲಿ 2008ರಲ್ಲೇ ಶುರುವಾಗಿತ್ತು. ಆದರೂ ಅನುಮಾನ ಹೋಗಿರಲಿಲ್ಲ. ಈಗ ಚಿತ್ರ ನಾವೇ ತೆಗೆಯುತ್ತೇವೆ, ದೂರದ ರೆಟಿನಾ ತಜ್ಞರು ಅದೇ ಸಂಜೆ ವರದಿ ಕಳುಹಿಸುತ್ತಾರೆ. ಚಿಕಿತ್ಸೆ ಬೇಕಾದ ಹಂತ ಕಂಡರೆ 48ರಿಂದ 72 ಗಂಟೆಯೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು; ಆ ಗಡಿ ನಾವು ಈಚೆಗೆ ದಾಟಿಲ್ಲ.

ಆರಂಭದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ತಪಾಸಣೆ ‘ವರದಿಗೆ ಸಾಲದು’ ಎಂದು ಹಿಂದಿರುಗುತ್ತಿತ್ತು. ಎಲ್ಲರೂ ದೂರಿದ್ದು ಕ್ಯಾಮೆರಾವನ್ನು. ಹೊಸ ಲೆನ್ಸ್‌ಗೆ ಪ್ರಸ್ತಾವನೆಯೂ ಹೋಯಿತು. ನಾನು ಚಿತ್ರಗಳನ್ನು ಬದಿಗಿಟ್ಟು ಮಂಚದ ಪಕ್ಕದ ಚಾರ್ಟ್‌ಗಳನ್ನು ತೆಗೆದು ಕುಳಿತೆ. ಕೆಟ್ಟ ಚಿತ್ರಗಳೆಲ್ಲ ಒಂದೇ ಬಗೆಯ ಮಕ್ಕಳವು: ತಪಾಸಣೆಯ ವೇಳೆ ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಮಟ್ಟ) ಕುಸಿದವು, ಅತ್ತತ್ತು ಸುಸ್ತಾದವು. ಅಳುವ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಹೊರಳುತ್ತದೆ. ರೆಟಿನಾದ ಮೂಗಿನ ಕಡೆಯ ಅಂಚು ಚಿತ್ರದಲ್ಲಿ ಸಿಗುವುದೇ ಇಲ್ಲ. ಮಗುವಿನ ನೋವನ್ನು ಇಳಿಸದೆ ಚಿತ್ರ ಸುಧಾರಿಸದು ಎಂದು ಅಂದೇ ಖಚಿತವಾಯಿತು.

ಪಾಪೆ ಹಿಗ್ಗಿಸುವ ಹನಿ ಎಲ್ಲರಿಗೂ ಗೊತ್ತು. ಆದರೆ ಹಾಕಿದ ತಕ್ಷಣ ಹೊರಚೆಲ್ಲಿದ ಹನಿಯನ್ನು ಒರೆಸುವವರು ಎಷ್ಟು ಜನ? ಒಂದು ಕಿಲೋ ತೂಕದ ಮಗುವಿನ ಚರ್ಮದ ಮೂಲಕವೂ ಅದು ರಕ್ತಕ್ಕೆ ಸೇರುತ್ತದೆ. ಆಮೇಲೆ ಹೊಟ್ಟೆ ಉಬ್ಬುವುದು, ಉಸಿರು ನಿಲ್ಲುವುದು. ಕಡುಬಣ್ಣದ ಕಣ್ಣುಗಳು ನಿಧಾನವಾಗಿ ಹಿಗ್ಗುತ್ತವೆಂದು ಹನಿ ಮೇಲೆ ಹನಿ ಹಾಕುವ ಅಭ್ಯಾಸವನ್ನೂ ನಿಲ್ಲಿಸಿದೆ. ಎಷ್ಟು ಕಾದರೂ ಹಿಗ್ಗದ ಪಾಪೆ ಕಾಯಿಲೆ ಜೋರಾಗಿರುವುದರ ಸೂಚನೆಯೂ ಆಗಿರಬಹುದು, ಅದನ್ನು ತಜ್ಞರಿಗೆ ಬರೆದು ತಿಳಿಸಬೇಕು.

ಹಾಲು ಕೊಟ್ಟು ಸುಮಾರು ಒಂದು ಗಂಟೆಯಾಗಿರಬೇಕು. ಮಂದ ಬೆಳಕು. ಮಗುವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಕೈಗಳು ಎದೆಯ ಮಧ್ಯಕ್ಕೆ ಬರುವಂತೆ ಮಡಿಚಿ ಮಲಗಿಸುತ್ತೇನೆ. ರೆಪ್ಪೆಗಳನ್ನು ತೆರೆದು ಹಿಡಿಯುವ ಸ್ಪೆಕ್ಯುಲಮ್ ಇಡುವ ಎರಡು ನಿಮಿಷ ಮೊದಲು ನಾಲಿಗೆಯ ತುದಿಗೆ ಶೇಕಡ 24ರ ಸಕ್ಕರೆ ದ್ರಾವಣ, ಜೊತೆಗೆ ಚೀಪಲು ಏನಾದರೂ. ಅರಿವಳಿಕೆ ಹನಿ ಇದ್ದೇ ಇರುತ್ತದೆ, ಆದರೆ ಅದೊಂದೇ ಸಾಲದು. ಕಣ್ಣುಗುಡ್ಡೆಯ ಮೇಲೆ ಒತ್ತಡ ಬಿದ್ದರೆ ಹೃದಯಬಡಿತ ಇಳಿಯುತ್ತದೆ. ಆಗ ಲೆನ್ಸ್ ಎತ್ತಿ ಕಾಯುತ್ತೇನೆ. ಎರಡನೆಯ ನರ್ಸ್ ಮಾನಿಟರ್ ಬಿಟ್ಟು ಕದಲುವಂತಿಲ್ಲ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಕೈಗೆಟುಕುವಂತಿರಬೇಕು. ಮೂಗಿನ ಕಡೆಯ ಅಂಚನ್ನು ಮೊದಲ ಯತ್ನದಲ್ಲೇ ಹಿಡಿಯಲು ಬೆರಳುಗಳ ಒಂದು ಹಿಡಿತ ರೂಢಿಸಿಕೊಂಡಿದ್ದೇನೆ. ಅದನ್ನು ಬರೆದು ಹೇಳುವುದಿಲ್ಲ. ಮಗುವಿನ ಕಣ್ಣಿನ ವಿಷಯವಾದ್ದರಿಂದ ಪಕ್ಕದಲ್ಲಿ ನಿಂತವರಿಗೆ ಮಾತ್ರ ಕಲಿಸುತ್ತೇನೆ.

ದೊಡ್ಡ ತಕರಾರು ಹಣದ್ದು. ಅಗಲ ಕೋನದ ಕ್ಯಾಮೆರಾ ಒಂದರ ಬೆಲೆಗೆ ಮಕ್ಕಳನ್ನು ಬೆಚ್ಚಗಿಡುವ ಹಲವು ವಾರ್ಮರ್‌ಗಳು ಬರುತ್ತವೆ. ಅದಕ್ಕೆ ಹಣ ಹೊಂದಿಸಿದವರು ಒಂದು ಮಗುವಿಗೆ ಇಬ್ಬರು ನರ್ಸ್ ಎಂದಾಗ ತಲೆಯಾಡಿಸಲಿಲ್ಲ. ಸ್ಪೆಕ್ಯುಲಮ್ ಕೂಡ ನಾಲ್ಕೈದೇ ಇದ್ದವು. ಪ್ರತಿ ಮಗುವಿಗೂ ಶುದ್ಧೀಕರಿಸಿದ್ದು ಬೇಕಾದ್ದರಿಂದ ಆಟೋಕ್ಲೇವ್‌ಗೆ ಕಾಯುತ್ತ ಹಿಗ್ಗಿದ ಪಾಪೆ ಮತ್ತೆ ಕಿರಿದಾಗುತ್ತಿತ್ತು. ನಾನು ಲೆಕ್ಕ ಬರೆದು ಮುಂದಿಟ್ಟೆ: ಪ್ರತಿ ಮರುತಪಾಸಣೆಗೆ ಮತ್ತೆ ಹನಿ, ಮತ್ತೆ ನರ್ಸ್ ಸಮಯ, ಚಿತ್ರ ಸಿಗದಿದ್ದರೆ ಮಗುವನ್ನು ತಜ್ಞರ ಬಳಿಗೆ ಒಯ್ಯಲು ಆಂಬುಲೆನ್ಸ್. ಆರೇಳು ತಿಂಗಳಲ್ಲಿ ಉಳಿದ ಆಂಬುಲೆನ್ಸ್ ಖರ್ಚೇ ಎರಡನೆಯ ನರ್ಸ್‌ನ ಸಮಯವನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು. ವರದಿಗೆ ಸಾಲದ ಚಿತ್ರಗಳು ಇಂದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತಾಯಿಯ ಧ್ವನಿಮುದ್ರಣ ಕೇಳಿಸಿದರೆ ನನಗೆ ವ್ಯತ್ಯಾಸ ಕಾಣಲಿಲ್ಲ. ತಾಯಿಯೇ ಬಂದು ಸುತ್ತಿದ ಬಟ್ಟೆಯ ಮೇಲೆ ಅಂಗೈ ಇಟ್ಟಾಗ ಕಂಡಿತು. ಲೆನ್ಸ್‌ಗೂ ಕಣ್ಣಿಗೂ ನಡುವೆ ಹಾಕುವ ಜೆಲ್ ಸ್ವಲ್ಪ ಬೆಚ್ಚಗಾಗಲು ಬಿಟ್ಟದ್ದು ಫಲ ಕೊಟ್ಟಿತು. ಮೊಬೈಲ್‌ಗೆ ಲೆನ್ಸ್ ಜೋಡಿಸಿ ನೋಡಿದೆ: ಕಣ್ಣಿನ ನರದ ತಲೆಯೂ ರಕ್ತನಾಳಗಳ ಸುರುಳಿಯೂ ಕಾಣುತ್ತವೆ, ಅಂಚು ನಂಬುವ ಹಾಗಿರುವುದಿಲ್ಲ. ಅದನ್ನು ತಾಯಂದಿರಿಗೆ ತೋರಿಸಲು ಮಾತ್ರ ಇಟ್ಟುಕೊಂಡೆ. ಸಂದೇಶದ ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರ ಕುಗ್ಗಿ ಸಣ್ಣ ನಾಳಗಳು ಅಳಿಸಿಹೋಗುತ್ತಿದ್ದವು. ಮೂಲ ಕಡತವನ್ನೇ ಕಳುಹಿಸಬೇಕು, ಎಡಬಲದ ಗುರುತು ಚಿತ್ರದ ಮೇಲೇ ಇರಬೇಕು.

ಯಾರನ್ನು ತಪಾಸಿಸಬೇಕು ಎಂಬುದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಅಮೆರಿಕದ ಮಾರ್ಗಸೂಚಿ ಹುಟ್ಟಿದಾಗಿನ ತೂಕ 1500 ಗ್ರಾಂ ಅಥವಾ ಗರ್ಭಾವಧಿ 30 ವಾರದವರೆಗೆ ಎನ್ನುತ್ತದೆ. ಭಾರತದ್ದು 2000 ಗ್ರಾಂ ಅಥವಾ 34 ವಾರಕ್ಕಿಂತ ಕಡಿಮೆ ಇರುವ ಎಲ್ಲರನ್ನೂ ಸೇರಿಸುತ್ತದೆ. ಆಮ್ಲಜನಕದ ಹತೋಟಿ ಸಡಿಲವಿರುವ ಕಡೆ ತೂಕವಿದ್ದ ಮಕ್ಕಳಲ್ಲೂ ಕಾಯಿಲೆ ಬರುತ್ತದೆ, ಹಾಗಾಗಿ ನಾನು ಅಗಲವಾದ ಬಲೆಯನ್ನೇ ಬೀಸುತ್ತೇನೆ.

ಇನ್ನೂ ಕಾಡುವುದು ಮನೆಗೆ ಹೋದ ಮಕ್ಕಳು. ರಕ್ತನಾಳ ಅಂಚಿನವರೆಗೆ ಬೆಳೆಯುವ ತನಕ ತಪಾಸಣೆ ಮುಗಿಯುವುದಿಲ್ಲ. ತೂಕ ಏರಿದ ಮಗುವನ್ನು ಕಂಡು ಮನೆಯವರು ಎಲ್ಲ ಸರಿಯಾಯಿತೆಂದು ಭಾವಿಸುತ್ತಾರೆ. ಬಿಡುಗಡೆಯ ಹಾಳೆಯ ಮೇಲ್ತುದಿಯಲ್ಲಿ ಮುಂದಿನ ತಾರೀಖು ಬರೆದು, ಹಿಂದಿನ ದಿನ ನಾನೇ ಫೋನ್ ಮಾಡುತ್ತೇನೆ. ಬರಲಾಗದವರ ಪ್ರಯಾಣ ವೆಚ್ಚಕ್ಕೆಂದು ಕ್ಯಾಮೆರಾ ನಿರ್ವಹಣೆಯ ಹಣದ ಒಂದು ಸಣ್ಣ ಪಾಲು ಕೇಳಿದ್ದೇನೆ. ಕಡತ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.