ವಿದೇಶಿ ಸಾಲದ ಸುದ್ದಿ ಓದುವುದು ಹೇಗೆ?

‘ಇಷ್ಟು ಸಾವಿರ ಕೋಟಿ ವಿದೇಶಿ ನೆರವು’ ಎಂಬ ತಲೆಬರಹ ಕಂಡರೆ ಕಣ್ಣು ಮೊದಲು ಹೋಗುವುದು ಮೊತ್ತದ ಮೇಲೆ. ಆ ಹಣದಿಂದ ದೇಶಕ್ಕೆ ಒಳಿತಾದೀತೇ ಎಂಬುದು ಮಾತ್ರ ಮೊತ್ತದಿಂದ ತಿಳಿಯುವುದಿಲ್ಲ. ಅದನ್ನು ಯಾವ ಕರೆನ್ಸಿಯಲ್ಲಿ ತೀರಿಸಬೇಕು, ಆ ಕರೆನ್ಸಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಪಕ್ಕದ ಶ್ರೀಲಂಕಾವನ್ನೇ ಮುಂದಿಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

1. ಹಣ ಯಾವ ಬಗೆಯದು?

ಅನುದಾನವನ್ನು ಹಿಂದಿರುಗಿಸಬೇಕಿಲ್ಲ. ಕಾರ್ಖಾನೆ ಕಟ್ಟಲು ಬಂದ ನೇರ ಹೂಡಿಕೆಯಲ್ಲಿ ಲಾಭವೂ ಹೂಡಿದವರದೇ, ನಷ್ಟವೂ ಅವರದೇ. ಸಾಲ ಹಾಗಲ್ಲ, ಯೋಜನೆ ಗೆದ್ದರೂ ಸೋತರೂ ಕಂತು ಕಟ್ಟಲೇಬೇಕು. ಅದರಲ್ಲೂ ಅಲ್ಪಾವಧಿ ಸಾಲ ತೀರಾ ಅಪಾಯಕಾರಿ. ಅಂಥ ಡಾಲರ್ ಸಾಲವನ್ನು ನೆಚ್ಚಿಕೊಂಡಿದ್ದ ಥಾಯ್ಲೆಂಡ್ 1997ರ ಜುಲೈ 2ರಂದು ತನ್ನ ಕರೆನ್ಸಿ ಬಾಟ್‌ನ ಮೌಲ್ಯದ ಮೇಲಿನ ಹಿಡಿತ ಬಿಟ್ಟಿತು. ಡಾಲರ್‌ಗೆ ಸುಮಾರು 25 ಬಾಟ್ ಇದ್ದದ್ದು ಆರೇಳು ತಿಂಗಳಲ್ಲಿ 50 ದಾಟಿತು.

2. ಕೊಟ್ಟವರು ಯಾರು, ಅವಧಿ ಎಷ್ಟು?

ಶ್ರೀಲಂಕಾ ಎಂದೊಡನೆ ಎಲ್ಲರೂ ಹೇಳುವುದು, ಚೀನಾದ ಸಾಲವೇ ಅದನ್ನು ಮುಳುಗಿಸಿತು ಎಂಬ ಹಂಬನ್‌ತೋಟ ಬಂದರಿನ ಕತೆ. ಚೀನಾದ ಸಾಲದಲ್ಲಿ ಕಟ್ಟಿದ ಆ ಬಂದರನ್ನು 2017ರಲ್ಲಿ ಚೀನಾದ ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟದ್ದು ನಿಜ. ಅದರಿಂದ ಬಂದ 112 ಕೋಟಿ ಡಾಲರ್ ಬಂದರಿನ ಸಾಲಕ್ಕೆ ವಜಾ ಆಗಲಿಲ್ಲ, ಸಾಲ ಹಾಗೆಯೇ ಉಳಿಯಿತು. ಆದರೂ ದೇಶದ ಕುತ್ತಿಗೆಗೆ ಬಂದ ದೊಡ್ಡ ಹೊರೆ ಇದಲ್ಲ. 2007ರಿಂದ ಶ್ರೀಲಂಕಾ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಡಾಲರ್ ಬಾಂಡ್‌ಗಳನ್ನು, ಅಂದರೆ ಹೂಡಿಕೆದಾರರಿಂದ ಡಾಲರ್ ಸಾಲ ಎತ್ತುವ ಪತ್ರಗಳನ್ನು ಮಾರತೊಡಗಿತು. ಬಡ್ಡಿ ಹೆಚ್ಚುಕಡಿಮೆ ಶೇ 6ರಿಂದ 8, ಅವಧಿ ಐದರಿಂದ ಹತ್ತು ವರ್ಷ, ಅಸಲನ್ನು ಕೊನೆಗೆ ಒಂದೇ ಗಂಟಿನಲ್ಲಿ ಕೊಡಬೇಕು. 2022ರಲ್ಲಿ ದೇಶದ ಆರ್ಥಿಕತೆ ಕುಸಿಯುವ ಹೊತ್ತಿಗೆ ಸರ್ಕಾರದ ವಿದೇಶಿ ಸಾಲದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಂಥ ಬಾಂಡ್‌ಗಳದ್ದೇ ಆಗಿತ್ತು. ಚೀನಾವನ್ನು ದೂರುವ ಭರದಲ್ಲಿ ಇದು ಮರೆತುಹೋಗುತ್ತದೆ.

3. ಕಾಗದ, ಪೆನ್ನು ಹಿಡಿದು ಕರೆನ್ಸಿ ಲೆಕ್ಕ ಹಾಕಿ

10 ಕೋಟಿ ಡಾಲರ್ ಸಾಲ ಎಂದುಕೊಳ್ಳಿ. 2022ರ ಮಾರ್ಚ್ ಆರಂಭದಲ್ಲಿ ಡಾಲರ್‌ಗೆ ಸುಮಾರು 200 ಲಂಕಾ ರೂಪಾಯಿ, ಅಂದರೆ ಸಾಲ 2,000 ಕೋಟಿ. ಮೇ ತಿಂಗಳಲ್ಲಿ ಡಾಲರ್ ಸುಮಾರು 360ಕ್ಕೆ ಏರಿತು. ಹೊಸದಾಗಿ ಬಿಡಿಗಾಸು ಸಾಲ ಮಾಡದಿದ್ದರೂ ಬಾಕಿ 3,600 ಕೋಟಿಯಾಯಿತು.

ಸರ್ಕಾರಕ್ಕೆ ತೆರಿಗೆ ಬರುವುದು ರೂಪಾಯಿಯಲ್ಲಿ. ಡಾಲರ್ ಬರಬೇಕಾದರೆ ಚಹಾ, ಸಿದ್ಧ ಉಡುಪು, ಪ್ರವಾಸಿಗರು, ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ, ಇಷ್ಟೇ ದಾರಿ. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟಗಳು, ಅದರ ಬೆನ್ನಿಗೆ ಕೋವಿಡ್ ಬಂದು ಪ್ರವಾಸೋದ್ಯಮ ನೆಲಕಚ್ಚಿತು. 2019ರ ಕೊನೆಗೆ ಮಾಡಿದ ಭಾರಿ ತೆರಿಗೆ ಕಡಿತದಿಂದ ಬೊಕ್ಕಸವೂ ಬರಿದಾಯಿತು. ಆ ವರ್ಷದ ಕೊನೆಗೆ ಸುಮಾರು 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಮೀಸಲು ಕರಗಿ, 2022ರ ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಪಾವತಿ ನಿಲ್ಲಿಸಿತು. ಪೆಟ್ರೋಲ್ ಬಂಕ್‌ಗಳ ಮುಂದೆ ದಿನಗಟ್ಟಲೆ ಸರದಿ. ಕಾಗದ ತರಿಸಲು ಡಾಲರ್ ಇಲ್ಲದೆ ಶಾಲಾ ಪರೀಕ್ಷೆಗಳನ್ನೇ ಮುಂದೂಡಿದರು. ಸಾಲದ ಪತ್ರಕ್ಕೆ ಸಹಿ ಹಾಕಿದವರು ಯಾರೋ, ಪರೀಕ್ಷೆ ತಪ್ಪಿಸಿಕೊಂಡವರು ಮಕ್ಕಳು.

4. ಆ ಹಣ ಏನು ದುಡಿಯುತ್ತದೆ?

ದಕ್ಷಿಣ ಕೊರಿಯಾವೂ ಸಾಲ ಮಾಡಿಯೇ ಬೆಳೆದ ದೇಶ. 1965ರ ಒಪ್ಪಂದದಂತೆ ಜಪಾನ್ ಅದಕ್ಕೆ 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲ ಕೊಟ್ಟಿತು. ಅದರ ಒಂದು ಪಾಲು ಪೊಹಾಂಗ್ ಉಕ್ಕಿನ ಕಾರ್ಖಾನೆಗೆ ಹೋಯಿತು. 1973ರಿಂದ ಅಲ್ಲಿ ತಯಾರಾದ ಉಕ್ಕು ಹಡಗಾಗಿ, ಕಾರಾಗಿ ರಫ್ತಾಗಿ ಡಾಲರ್ ತಂದಿತು. ಸಾಲ ತೀರಿಸುವ ದಾರಿ ಸಾಲದೊಳಗೇ ಇತ್ತು.

5. ಷರತ್ತು ಓದಿ

ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಜಪಾನ್ ಒಪ್ಪಿದ ಸಾಲಕ್ಕೆ ಬಡ್ಡಿ ಶೇ 0.1, ಅವಧಿ 50 ವರ್ಷ. ಕೇಳಲು ಪುಕ್ಕಟೆ ಅನ್ನಿಸುತ್ತದೆ. ಆದರೆ 2015ರ ಒಪ್ಪಂದದಲ್ಲಿ ಜಪಾನಿನ ತಂತ್ರಜ್ಞಾನವನ್ನೇ ಬಳಸುವ ಮಾತಿತ್ತು. ಬಡ್ಡಿಯಲ್ಲಿ ಉಳಿದದ್ದು ಖರೀದಿಯ ಬೆಲೆಯಲ್ಲಿ ಹೋಯಿತೇ ಎಂದು ವಿಚಾರಿಸಲೇಬೇಕು.

6. ನಷ್ಟ ಯಾರ ತಲೆಗೆ?

ಇದು ಕರ್ನಾಟಕಕ್ಕೂ ಸಂಬಂಧಿಸಿದ್ದು. 2005ರಿಂದ ಕೇಂದ್ರವು ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್‌ನಂಥ (ಎಡಿಬಿ) ಸಂಸ್ಥೆಗಳ ಸಾಲವನ್ನು ನಮ್ಮಂಥ ರಾಜ್ಯಗಳಿಗೆ ಅದೇ ಷರತ್ತಿನಲ್ಲಿ ದಾಟಿಸುತ್ತದೆ. ಹೀಗಾಗಿ ರೂಪಾಯಿ ಕುಸಿದರೆ ಆ ನಷ್ಟ ರಾಜ್ಯದ ಬೊಕ್ಕಸಕ್ಕೆ. ಬೆಂಗಳೂರಿಗೆ 2024ರ ಅಕ್ಟೋಬರ್‌ನಲ್ಲಿ ನೀರು ಹರಿಸಿದ ಕಾವೇರಿ ಐದನೇ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಾಲವಿದೆ. ಕುಡಿಯುವ ನೀರು ಜಪಾನಿನ ಕರೆನ್ಸಿ ಯೆನ್ ದುಡಿಯುವುದಿಲ್ಲ. ಆದರೂ ಇಂಥ ಸಾಲ ಬೇಕು ಎನ್ನುವವನು ನಾನು. ನೀರಿಗೆ ದೀರ್ಘಾವಧಿಯ, ಕಡಿಮೆ ಬಡ್ಡಿಯ ಸಾಲವೇ ಸರಿ, ಐದು ವರ್ಷದ ಡಾಲರ್ ಬಾಂಡ್ ಅಲ್ಲ. ಕಂತು ನೀರಿನ ಬಿಲ್ಲಿನಿಂದ ಬರುತ್ತದೋ, ತೆರಿಗೆಯಿಂದಲೋ ಎಂಬುದನ್ನು ಸಹಿ ಹಾಕುವ ಮೊದಲೇ ಜನರಿಗೆ ಹೇಳಬೇಕು. ಹೇಳದಿದ್ದರೆ ನಿಮ್ಮ ಶಾಸಕರನ್ನು ಕೇಳಿ.