ಎರಡು ತ್ರಿಜ್ಯಗಳ ಒಂದು ತಿರುವು: ನನ್ನ ಅನುಭವ

ಹಿತ್ತಲಿನ ಮಾದರಿ ರೈಲಿಗೆ ಆರ್5 ಎಂಬ ದೊಡ್ಡ ತ್ರಿಜ್ಯದ ತಿರುವು ಹಾಕಲು ಜಾಗವಿಲ್ಲದಿದ್ದರೆ ಉದ್ದನೆಯ ಬೋಗಿಗಳನ್ನು ಮಾರಿಬಿಡುವುದೇ ಲೇಸು ಎಂದು ಮೂರು ವರ್ಷಗಳಿಂದ ನನಗೆ ಬುದ್ಧಿ ಹೇಳುತ್ತ ಬಂದಿದ್ದ ಇಬ್ಬರು ಮಿತ್ರರು ಈಚೆಗೆ ನಮ್ಮ ಹಿತ್ತಲಿನಲ್ಲಿ ಕುಳಿತು, ತಲಾ 64 ಸೆಂ.ಮೀ. ಉದ್ದದ ಆರು ಬೋಗಿಗಳ ಗಾಡಿಯು ಎರಡೂವರೆ ಮೀಟರಿಗೆ ಸ್ವಲ್ಪ ಹೆಚ್ಚು ಅಗಲದ ತಿರುವಿನಲ್ಲಿ ಒಂದು ಮಧ್ಯಾಹ್ನವಿಡೀ ಹಳಿ ತಪ್ಪದೆ ಸುತ್ತುವುದನ್ನು ನೋಡಿದರು. ಒಬ್ಬರು ಆಗಲೇ ಒಪ್ಪಿದರು; ಇನ್ನೊಬ್ಬರು ಮರುವಾರ ತಮ್ಮದೇ ಬೋಗಿಗಳನ್ನು ತಂದು ಓಡಿಸಿದ ಮೇಲೆ ಸುಮ್ಮನಾದರು. ಆ ತಿರುವನ್ನು ಹೇಗೆ ಮಾಡಿದೆ, ಅದಕ್ಕೆ ಮೊದಲು ಎಷ್ಟು ಕಳೆದುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

45 ಮಿ.ಮೀ. ಗೇಜಿನಲ್ಲಿ (ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ) ಕೈಯಾಡಿಸಿದವರಿಗೆ ಎಲ್‌ಜಿಬಿ ಎಂಬ ಮಾದರಿ ರೈಲು ತಯಾರಕರ ಅಳತೆಗಳನ್ನು ಹೊಸದಾಗಿ ಹೇಳಬೇಕಾಗಿಲ್ಲ: ಆರ್1 ಎಂದರೆ 600 ಮಿ.ಮೀ., ಆರ್2 ಸುಮಾರು 780, ಆರ್3 ಸುಮಾರು 1195, ಆರ್5 ಎಂದರೆ 2320. ಇವೆಲ್ಲ ಹಳಿಯ ನಡುಗೆರೆಗೆ ಅಳೆದ ತ್ರಿಜ್ಯಗಳು. ಆದರೆ ಇನ್ನೊಂದು ತಯಾರಕರಾದ ಪೀಕೊ (PIKO) ಹಳಿಗಳಲ್ಲಿ ಆರ್3 ಎಂದರೆ ಸುಮಾರು 922 ಮಿ.ಮೀ., ಆರ್5 ಎಂದರೆ 1243. ಹೆಸರು ಒಂದೇ ಆದರೂ ಅಳತೆ ಬೇರೆ. ಅಮೆರಿಕದ ಪದ್ಧತಿಯಲ್ಲಂತೂ ತಿರುವನ್ನು ಅಡಿಗಳಲ್ಲಿ, ಅದೂ ವ್ಯಾಸದಲ್ಲಿ ಹೇಳುವ ರೂಢಿಯಿದೆ. ನಾನು ಎಡವಿದ್ದು ಇಲ್ಲಿಯೇ. "8 ಅಡಿ" ಎಂದು ಬರೆದಿದ್ದ ತಿರುವುಗಳನ್ನು ತ್ರಿಜ್ಯವೆಂದೇ ತಿಳಿದು, ಇದು ಆರ್5ಕ್ಕಿಂತ ತುಸು ದೊಡ್ಡದೇ ಆಯಿತಲ್ಲ ಎಂಬ ಸಂತೋಷದಲ್ಲಿ ಪೂರ್ತಿ ವೃತ್ತಕ್ಕಾಗುವಷ್ಟು ತರಿಸಿದೆ. ಪೆಟ್ಟಿಗೆ ಬಿಚ್ಚಿ ನೆಲದ ಮೇಲೆ ಜೋಡಿಸಿದಾಗ ಸಿಕ್ಕಿದ್ದು ಎಲ್‌ಜಿಬಿ ಆರ್3ರ ಗಾತ್ರದ ವೃತ್ತ. ಬಿಚ್ಚಿದ ಪೆಟ್ಟಿಗೆಯನ್ನು ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ಒಂದು ಸಾಧಾರಣ ಎಂಜಿನ್ ಕೊಳ್ಳಬಹುದಾಗಿದ್ದ ಹಣ ಹೀಗೆ ನನ್ನದೇ ಅವಸರದಿಂದ ಹಿತ್ತಾಳೆ ಹಳಿಗಳಾಗಿ ಮನೆಯಲ್ಲಿ ಬಿದ್ದುಕೊಂಡಿತು.

ಅದಕ್ಕೂ ಮೊದಲು ಎಲ್ಲರಂತೆ ನಾನೂ ಆರ್1 ವೃತ್ತದಲ್ಲಿಯೇ ಆರಂಭಿಸಿದ್ದೆ. ಚಿಕ್ಕ ಎಂಜಿನ್ ಮತ್ತು ಎರಡು ಅಚ್ಚುಗಳ ವ್ಯಾಗನ್‌ಗಳಿಗೆ ಅದು ಸಾಕು. ಉದ್ದ ಬೋಗಿಯೂ ಅದರ ಮೇಲೆ ಓಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಓಡುವುದೂ ನಿಜ, ಆದರೆ ನೋಡಲು ಆಗುವುದಿಲ್ಲ. ನನ್ನ ಬೋಗಿಗಳ ಕೆಳಗಿನ ಗಾಲಿ ಚೌಕಟ್ಟುಗಳ ನಡುವಿನ ಅಂತರ ಸುಮಾರು 440 ಮಿ.ಮೀ. ಆರ್1ರಲ್ಲಿ ಬೋಗಿಯ ನಡುಭಾಗ ಸುಮಾರು 40 ಮಿ.ಮೀ. ಒಳಕ್ಕೂ, ತುದಿ ಸುಮಾರು 45 ಮಿ.ಮೀ. ಹೊರಕ್ಕೂ ಚಾಚುತ್ತದೆ, ಅಂದರೆ ತುದಿಯು ಒಂದು ಗೇಜಿನಷ್ಟೇ ಪಕ್ಕಕ್ಕೆ ಸರಿದಿರುತ್ತದೆ. ಆರ್3ರಲ್ಲಿ ಈ ಚಾಚು 20 ಮತ್ತು 23ಕ್ಕೆ, ಆರ್5ರಲ್ಲಿ 10 ಮತ್ತು 12ಕ್ಕೆ ಇಳಿಯುತ್ತದೆ. ಆರ್2 ತುಂಡುಗಳನ್ನು ಯಾರೋ ಬಳಸಿ ಬಿಟ್ಟದ್ದೆಂದು ಅಗ್ಗಕ್ಕೆ ಕೊಂಡಿದ್ದೆ. ಅವುಗಳಿಂದ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗಲಿಲ್ಲ.

ಅಚಾತುರ್ಯದಿಂದ ಬಂದ ಆರ್3ನ್ನು ನೆಲಕ್ಕಿಳಿಸಿದ ಮೇಲೆ ನೋಟ ಸುಧಾರಿಸಿತು, ಆದರೆ ಹಳಿ ತಪ್ಪುವುದು ನಿಲ್ಲಲಿಲ್ಲ. ಗಂಟೆಗೆ ಒಂದು ಸಲವಾದರೂ ಎದ್ದು ಹೋಗಿ ಬೋಗಿ ಎತ್ತಿ ಇಡಬೇಕಾಗಿತ್ತು. ಗಾಲಿಗಳ ಒಳ ಅಂತರವನ್ನು ಒಂದೊಂದಾಗಿ ಅಳೆದು 40 ಮಿ.ಮೀ. ಆಸುಪಾಸಿಗೆ ತಂದೆ, ರಸಮಟ್ಟ ಇಟ್ಟು ಜಲ್ಲಿಯನ್ನು ಮತ್ತೆ ಹಾಸಿದೆ. ಸ್ವಲ್ಪ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಕೊನೆಗೆ ಬೇಸತ್ತು, ಗಾಡಿ ಎಲ್ಲೆಲ್ಲಿ ಹಳಿ ತಪ್ಪುತ್ತದೆಯೋ ಅಲ್ಲೆಲ್ಲ ಸ್ಲೀಪರಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದೆ. ಸುಮಾರು 20 ಗುರುತುಗಳಲ್ಲಿ 14 ಅಥವಾ 15 ಗುರುತುಗಳು ತಿರುವಿನ ಮೊದಲ ಇಲ್ಲವೇ ಕೊನೆಯ ತುಂಡಿನಲ್ಲಿ ಇದ್ದವು. ತಿರುವಿನ ನಡುವೆ, ಎಲ್ಲರೂ ಭಯಪಡುವ ಜಾಗದಲ್ಲಿ, ಎರಡೋ ಮೂರೋ ಇದ್ದವು.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಿರುವಿನ ನಡುವೆ ಎರಡು ಬೋಗಿಗಳ ಎದುರುಬದುರು ತುದಿಗಳು ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಹೊರಚಾಚಿರುತ್ತವೆ; ಆದ್ದರಿಂದ ಬೋಗಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲರುಗಳು ಎದುರೆದುರೇ ಉಳಿಯುತ್ತವೆ. ನೇರ ಹಳಿ ಮುಗಿದು ತಿರುವು ಆರಂಭವಾಗುವ ಕಡೆ ಮಾತ್ರ ಮುಂದಿನ ಬೋಗಿಯ ತುದಿ ಸರಿದಿರುತ್ತದೆ, ಹಿಂದಿನದು ಇನ್ನೂ ನೇರದಲ್ಲಿರುತ್ತದೆ. ಬೋಗಿಯ ಒಡಲಿಗೇ ಜೋಡಿಸಿದ ಕಪ್ಲರ್ ಆ ಕ್ಷಣದಲ್ಲಿ ಹಗುರ ಬೋಗಿಯನ್ನು ಪಕ್ಕಕ್ಕೆ ಒತ್ತಿ ಗಾಲಿಯ ಅಂಚನ್ನು ಹಳಿಯ ಮೇಲೆ ಹತ್ತಿಸುತ್ತದೆ. ಹಾಗಿದ್ದ ಮೇಲೆ ಇಡೀ ತಿರುವನ್ನು ದೊಡ್ಡದು ಮಾಡಲು ಹಣ ಚೆಲ್ಲುವ ಬದಲು, ಪ್ರವೇಶವನ್ನೂ ನಿರ್ಗಮನವನ್ನೂ ಮಾತ್ರ ಸಡಿಲಿಸಿದರೆ ಸಾಲದೇ ಎಂದುಕೊಂಡೆ. ನಿಜವಾದ ರೈಲುಮಾರ್ಗಗಳಲ್ಲಿ ಇದು ಹಳೆಯ ವಿದ್ಯೆ. ಅಲ್ಲಿ ಮುಖ್ಯ ಮಾರ್ಗದ ತಿರುವು ಸಾಮಾನ್ಯವಾಗಿ ಒಮ್ಮೆಗೇ ಆರಂಭವಾಗುವುದಿಲ್ಲ. ಮಿತ್ರರು ಒಪ್ಪಲಿಲ್ಲ. ಎರಡು ತ್ರಿಜ್ಯಗಳು ಸೇರುವಲ್ಲಿ ಹಳಿ ಮುರುಟುತ್ತದೆ, ಕಷ್ಟ ಒಂದು ಕೀಲಿನಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೆ ಎಂದರು.

ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಆರ್5ರ ತುಂಡು 15 ಡಿಗ್ರಿ, ಆರ್3ರದು ಇಪ್ಪತ್ತೆರಡೂವರೆ ಡಿಗ್ರಿ. ಅರ್ಧ ವೃತ್ತಕ್ಕೆ ಪ್ರತಿ ಬದಿಗೆ ಆರ್5ರ ಒಂದೂವರೆ ತುಂಡು, ನಡುವೆ ಆರ್3ರ ಆರು ತುಂಡುಗಳು ಎಂದರೆ 180 ಡಿಗ್ರಿ ಸರಿಯಾಗಿ ಕೂಡುತ್ತದೆ. ಬರೀ ಆರ್3ರಲ್ಲಿ ಅಗಲ 2390 ಮಿ.ಮೀ.; ಈ ಬೆರಕೆ ತಿರುವಿನಲ್ಲಿ 2560. ಬರೀ ಆರ್5ರಲ್ಲಾದರೆ 4640 ಬೇಕಾಗುತ್ತಿತ್ತು, ಮೊಳೆಗೆ ದಾರ ಕಟ್ಟಿ ಅದನ್ನೊಮ್ಮೆ ನೆಲದ ಮೇಲೆ ಬರೆದು ನೋಡಿದಾಗ ನಡೆದಾಡಲು ದಾರಿಯೇ ಉಳಿದಿರಲಿಲ್ಲ. ಕೇವಲ 17 ಸೆಂ.ಮೀ. ಅಗಲವನ್ನು ಕೊಟ್ಟು ಆರ್5ರ ಪ್ರವೇಶ ಪಡೆದಂತಾಯಿತು. ತಿರುವಿನ ಆಳವೇನೋ, ಅಂದರೆ ನೇರ ಹಳಿಯ ದಿಕ್ಕಿನಲ್ಲಿ ಅದು ಹಿಡಿಯುವ ಜಾಗ, ಸುಮಾರು 43 ಸೆಂ.ಮೀ. ಹೆಚ್ಚುತ್ತದೆ, ಆದರೆ ಅಷ್ಟೇ ನೇರ ಹಳಿ ಎರಡೂ ಕಡೆ ಉಳಿತಾಯವಾಗುವುದರಿಂದ ಒಟ್ಟು ಹಳಿಯ ಉದ್ದದಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದು. ಎರಡೂ ತುದಿಗಳು ಸೇರಿದ ಪೂರ್ತಿ ಸುತ್ತಿಗೆ ಹೊಸದಾಗಿ ಬೇಕಾದದ್ದು ಆರ್5ರ ಆರು ತುಂಡುಗಳು ಮಾತ್ರ. ಆರ್5ರಲ್ಲೇ ಎರಡೂ ತುದಿ ಮಾಡಿದ್ದರೆ 24 ಬೇಕಿತ್ತು.

ಅರ್ಧ ತುಂಡು ಮಾಡುವುದೇ ನಾಜೂಕಿನ ಕೆಲಸ. ಮೊದಲ ತುಂಡನ್ನು ಹ್ಯಾಕ್‌ಸಾದಿಂದ ಎರಡೂ ಹಳಿಗಳಿಗೆ ಅಡ್ಡಲಾಗಿ ಒಂದೇ ಬೀಸಿನಲ್ಲಿ ಕತ್ತರಿಸಿ ಹಾಳು ಮಾಡಿದೆ. ಕತ್ತರಿಸಿದ ಗೆರೆ ವೃತ್ತದ ಕೇಂದ್ರದ ಕಡೆಗೆ ಇರಬೇಕಾದದ್ದು ಒಂದು ಕೂದಲಷ್ಟು ಓರೆಯಾಗಿ, ಹೊರ ಹಳಿ ಎರಡು ಮಿ.ಮೀ. ಗಿಡ್ಡವಾಯಿತು. ಈಗ ಕತ್ತರಿಸುವ ಮುನ್ನ ದಾರ ಎಳೆದು ಗುರುತಿಸುತ್ತೇನೆ, ಗುರುತಿನ ಹೊರಗೆ ಕತ್ತರಿಸಿ ಉಳಿದದ್ದನ್ನು ಅರದಿಂದ ಉಜ್ಜುತ್ತೇನೆ. ಎರಡು ತ್ರಿಜ್ಯಗಳು ಸೇರುವ ಕೀಲಿನಲ್ಲಿ ಹಳಿಯ ತುದಿಗಳಿಗೆ ತೂರಿಸುವ ಮಾಮೂಲಿ ಜಾಯಿನರ್ ಬೇಡ, ತಿರುಪಿನ ಕ್ಲಾಂಪ್ ಬೇಕು. ಆ ಕ್ಲಾಂಪನ್ನು ಬಿಗಿಯುವ ಮೊದಲು ಹಳಿಯ ತುದಿಗಳಿಗೆ ನಾನು ಮಾಡುವ ಒಂದು ಸಣ್ಣ ಸಂಸ್ಕಾರವಿದೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ಮಳೆಗಾಲ ಹಿಡಿದಿದೆ, ಆದ್ದರಿಂದ ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಹಾಸಿದ ಮೇಲೆ ತಿರುವು ತನ್ನ ಆಕಾರದಲ್ಲೇ ಇದೆಯೇ ಎಂದು ನೋಡಲು 600 ಮಿ.ಮೀ. ಉದ್ದದ ನೇರ ಪಟ್ಟಿಯೊಂದು ಸಾಕು. ಪಟ್ಟಿಯ ಎರಡು ತುದಿಗಳನ್ನು ಹೊರ ಹಳಿಯ ಒಳಮೈಗೆ ಒರಗಿಸಿ ನಡುವಿನ ಎಡೆಯನ್ನು ಅಳೆದರೆ ಆರ್5ರಲ್ಲಿ ಸುಮಾರು 19, ಆರ್3ರಲ್ಲಿ ಸುಮಾರು 38 ಮಿ.ಮೀ. ಬರಬೇಕು. ಸೇರುವ ಜಾಗವನ್ನು ದಾಟಿಸುತ್ತ ಹೋದಂತೆ ಅಳತೆ 19ರಿಂದ 38ಕ್ಕೆ ಮೆಲ್ಲನೆ ಏರಬೇಕು. ನಡುವೆ 45 ಎಂದು ಬಂದರೆ ಅಲ್ಲಿ ಮುರುಟಿದೆ ಎಂದೇ ಅರ್ಥ. ನನ್ನ ಮೊದಲ ಜೋಡಣೆಯಲ್ಲಿ ಒಂದು ಕಡೆ ಹಾಗೆಯೇ ಬಂದಿತ್ತು, ಮಿತ್ರರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ.

ಎಳೆತದಲ್ಲಿಯೂ ಲಾಭವಾಗಬಹುದೆಂದು ಸ್ಪ್ರಿಂಗ್ ತಕ್ಕಡಿ ಕಟ್ಟಿ ಅದೇ ಆರು ಬೋಗಿಗಳನ್ನು ಎಳೆದು ನೋಡಿದೆ. ನೆನಪಿನಿಂದ ಹೇಳುವುದಾದರೆ ನೇರದಲ್ಲಿ 180 ಗ್ರಾಂ, ಆರ್1ರಲ್ಲಿ 500ಕ್ಕೂ ಮೇಲೆ, ಆರ್3ರಲ್ಲಿ 300. ಬೆರಕೆ ತಿರುವಿನ ನಡುವೆಯೂ ಅದೇ 300. ನಡುವೆ ಇರುವುದು ಆರ್3 ತಾನೇ. ಒಂದು ಸುತ್ತಿಗೆ ಹೊರ ಹಳಿಯು ಒಳ ಹಳಿಗಿಂತ ಸುಮಾರು 28 ಸೆಂ.ಮೀ. ಉದ್ದವಾಗಿರುತ್ತದೆ, ತ್ರಿಜ್ಯ ಯಾವುದಾದರೂ ಇದು ಬದಲಾಗುವುದಿಲ್ಲ. ಒಂದೇ ಅಚ್ಚಿಗೆ ಬಿಗಿದ ಎರಡು ಗಾಲಿಗಳು ಅದನ್ನು ಬಹುಮಟ್ಟಿಗೆ ಜಾರಿಯೇ ಸರಿದೂಗಿಸಬೇಕು. ಚಿಕ್ಕ ವೃತ್ತದಲ್ಲಿ ಅದೇ ಜಾರುವಿಕೆ ಕಡಿಮೆ ದೂರದಲ್ಲಿ ಮುಗಿಯಬೇಕಾದ್ದರಿಂದ ಎಂಜಿನ್ ಏದುಸಿರು ಬಿಡುತ್ತದೆ.

ಹೊರ ಹಳಿಯನ್ನು ಎತ್ತರಿಸುವ ಆಸೆಯೂ ಒಮ್ಮೆ ಬಂದಿತ್ತು. 3 ಮಿ.ಮೀ. ವಾಷರುಗಳನ್ನು ಕೆಳಗಿಟ್ಟೆ, ಗಾಡಿ ವಾಲಿಕೊಂಡು ಹೋಗುವುದು ಬಹಳ ಚೆನ್ನಾಗಿ ಕಂಡಿತು, ನಾಲ್ಕನೆಯ ಸುತ್ತಿನಲ್ಲಿ ನಡುವಿನ ಖಾಲಿ ವ್ಯಾಗನ್ ಒಳಕ್ಕೆ ಉರುಳಿತು. ಈಗ ಒಂದೂವರೆ ಮಿ.ಮೀ.ಗೆ ಇಳಿಸಿದ್ದೇನೆ. ಇನ್ನು ಬಿಸಿಲಿನ ವಿಷಯ: 10 ಮೀಟರ್ ಹಿತ್ತಾಳೆ ಹಳಿಯು 30 ಡಿಗ್ರಿ ಶಾಖ ಏರಿದರೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ, ಆದ್ದರಿಂದ ತಿರುವನ್ನು ನೆಲಕ್ಕೆ ತಿರುಪಿನಿಂದ ಬಿಗಿಯದೆ ಜಲ್ಲಿಯಲ್ಲಿ ತೇಲಲು ಬಿಟ್ಟಿದ್ದೇನೆ.

ಆರ್3 ಕೂಡ ಬಿಗಿಯೇ ಎಂಬುದನ್ನು ಒಪ್ಪಬೇಕು. ಸ್ವಿಟ್ಜರ್ಲೆಂಡಿನ ಬರ್ನೀನಾ ಮೀಟರ್‌ಗೇಜ್ ಮಾರ್ಗದ ಅತಿ ಬಿಗಿ ತಿರುವು 45 ಮೀಟರ್ ತ್ರಿಜ್ಯದ್ದು, 1:22.5 ಪ್ರಮಾಣದ ಮಾದರಿಯಲ್ಲಿ ಅದು 2 ಮೀಟರ್. ನನ್ನ ತಿರುವಿನಲ್ಲಿ ಆ ಮಟ್ಟವನ್ನು ಮುಟ್ಟುವುದು ಆರ್5ರ ಭಾಗ ಮಾತ್ರ. ಆದರೆ ನೋಡುವವರ ಕಣ್ಣು ಗಾಡಿ ತಿರುವಿಗೆ ಹೊರಳುವ ಕಡೆಯೇ ನಿಲ್ಲುತ್ತದೆ, ನಡುವಿನ ಬಿಗಿ ಭಾಗದ ಮುಂದೆ ನಾನು ಪೊದೆಗಳನ್ನು ನೆಟ್ಟಿದ್ದೇನೆ.

ಈ ತಿರುವು ಹಾಕಿದ ಮೇಲಿನ ನಾಲ್ಕೈದು ತಿಂಗಳಲ್ಲಿ ಮುಖ್ಯ ಹಳಿಯ ಮೇಲೆ ಗಾಡಿ ತಪ್ಪಿದ್ದು ಎರಡೇ ಸಲ, ಅದರಲ್ಲಿ ಒಂದಕ್ಕೆ ಹಳಿಯ ನಡುವೆ ಬಿದ್ದಿದ್ದ ಜಲ್ಲಿಕಲ್ಲು ಕಾರಣ. ಯಾರ್ಡಿನಲ್ಲಿ ಮಾತ್ರ ಹಣ ಸಾಲದೆ ಉಳಿಸಿಕೊಂಡ ಎರಡು ಆರ್1 ಪಾಯಿಂಟುಗಳು (ಹಳಿ ಕವಲೊಡೆಯುವ ತುಂಡುಗಳು) ಇನ್ನೂ ಇವೆ. ಅವು ಒಂದಕ್ಕೊಂದು ಎದುರು ತಿರುಗುವ ಕಡೆ ಒಂದು ಬೋಗಿಯ ಉದ್ದದಷ್ಟಾದರೂ ನೇರ ಹಳಿ ಇರಬೇಕಿತ್ತು, ನಾನು ಬಿಟ್ಟದ್ದು 30 ಸೆಂ.ಮೀ. ಮಾತ್ರ. ಅಲ್ಲಿ ಉದ್ದ ಬೋಗಿಗಳನ್ನು ಇಂದಿಗೂ ಕೈಯಿಂದಲೇ ಎತ್ತಿ ದಾಟಿಸುತ್ತಿದ್ದೇನೆ.