ಟೆಕ್ಸಸ್ ಬಿಸಿಲು, ಹಳೆಯ ಮಿಯಾಟಾ ಮತ್ತು ನೀರಿನ ದಾರಿ: ನನ್ನ ಅನುಭವ

ಕಳೆದ ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ದಾಟಿದ್ದ ಹೊತ್ತಿನಲ್ಲಿ, ಎಸಿ ಹಾಕಿಕೊಂಡೇ ಆಸ್ಟಿನ್ ನಡುವಿನ ಐ-35 ಹೆದ್ದಾರಿಯ ಸಂಜೆಯ ದಟ್ಟಣೆಯಲ್ಲಿ ನನ್ನ 1992ರ ಮಜ್ದಾ ಮಿಯಾಟಾ ಮುಕ್ಕಾಲು ಗಂಟೆ ತೆವಳಿತು. ಎಂಜಿನ್‌ನ ಮೇಲ್ಭಾಗದ, ಅಂದರೆ ಹೆಡ್‌ನ, ಹಿಂಬದಿಗೆ ನಾನೇ ಕೂರಿಸಿದ ಶಾಖದ ಗೇಜ್ 98 ಡಿಗ್ರಿ ದಾಟಲಿಲ್ಲ. ಇದನ್ನು ಬರೆಯುತ್ತಿರುವುದೇ ಆ ಅಂಕಿಗಾಗಿ. ಏಕೆಂದರೆ ಅತಿಯಾಗಿ ಕಾಯುತ್ತಿದ್ದ ಈ ಕಾರು ಇಲ್ಲಿನ ಬಿಸಿಲು ತಡೆದೀತು ಎಂದು ಇಲ್ಲಿನ ಗೆಳೆಯರಲ್ಲಿ ಒಬ್ಬರೂ ನಂಬಿರಲಿಲ್ಲ. ಒಬ್ಬರು ಮಾರಿಬಿಡಿ ಎಂದರು. ಇನ್ನೊಬ್ಬರು ವಿ8 ಎಂಜಿನ್ ಇಳಿಸಿ ಎಂದರು. ನೂರು ಕೆಜಿಯ ಹತ್ತಿರ ಭಾರ ಹೇರಿಕೊಂಡ ಮೇಲೆ ಅದು ಮಿಯಾಟಾ ಹೇಗಾಗುತ್ತದೆ ಎಂದು ಕೇಳಿದರೆ ನಕ್ಕರು. ಮಡಿಕೇರಿಯಿಂದ ನನ್ನ ಮಾವನವರು ಫೋನಿನಲ್ಲಿ ಹೇಳಿದ್ದು ಬೇರೆಯೇ: "ಎರಡೇ ಸೀಟು, ಮೇಲೆ ಬಟ್ಟೆ. ಮೂವತ್ತು ವರ್ಷ ಹಳೆಯದು. ಇದಕ್ಕೆ ದುಡ್ಡು ಬೇರೆ ಕೊಟ್ಟೆಯಾ?"

ಕೊಟ್ಟದ್ದು ಸುಮಾರು 4,800 ಡಾಲರ್. ಹುಡುಕುವಾಗ 1991ರ ನಡುವಿನವರೆಗಿನ ಕಾರುಗಳನ್ನು ಬದಿಗಿಟ್ಟೆ. ಅವುಗಳ ಎಂಜಿನ್‌ನ ಮುಖ್ಯ ದಂಡದ, ಅಂದರೆ ಕ್ರ್ಯಾಂಕ್‌ನ, ಮೂಗು ಗಿಡ್ಡ, ಮುಂದಿನ ಪುಲ್ಲಿಯ ಕೀಲಿ ಸಡಿಲಗೊಂಡರೆ ಎಂಜಿನ್ನೇ ಹೋಗುತ್ತದೆ. 1994ರಿಂದ ಬಂದ 1.8 ಲೀಟರ್ ಎಂಜಿನ್‌ನದು ಒಳ್ಳೆಯ ಕಾರು, ಹಿಡಿತವಿರುವ ಚಕ್ರಕ್ಕೆ ಹೆಚ್ಚು ಶಕ್ತಿ ಕಳಿಸುವ ಟಾರ್ಸನ್ ಡಿಫರೆನ್ಷಿಯಲ್ ಕೂಡ ಸಿಗುತ್ತದೆ. ಆದರೆ ಅದು ಭಾರ. ನನಗೆ ಬೇಕಿದ್ದದ್ದು 1.6 ಲೀಟರ್, 116 ಅಶ್ವಶಕ್ತಿ, ಸಾವಿರ ಕೆಜಿಗಿಂತ ಕಡಿಮೆ ತೂಕ, ಪವರ್ ಸ್ಟಿಯರಿಂಗ್ ಇಲ್ಲದ್ದು. ಬಾಗಿಲ ಕೆಳಗಿನ ತಗಡಿಗೆ ತುಕ್ಕು ಹಿಡಿದಿದೆಯೇ, ಟಾಪ್‌ನ ನೀರು ಇಳಿಯುವ ತೂತುಗಳು ಕಟ್ಟಿಕೊಂಡಿವೆಯೇ ಎಂದು ನೋಡಿದೆ. ಉಳಿದದ್ದನ್ನು ರಿಪೇರಿ ಮಾಡಿಕೊಳ್ಳಬಹುದು ಎಂಬ ಧೈರ್ಯವಿತ್ತು.

ಎಂಜಿನ್ ಅತಿಯಾಗಿ ಕಾಯುವ ಕಾಯಿಲೆ ಮೊದಲ ಬೇಸಿಗೆಯಲ್ಲೇ ಕಾಣಿಸಿತು. ಕಾರಿನ ಸ್ವಂತ ಗೇಜ್‌ನ ಮುಳ್ಳು ನಡುವೆಯೇ ನಿದ್ದೆ ಮಾಡುತ್ತಿರುತ್ತದೆ, ಎದ್ದಿತು ಎಂದರೆ ತಡವಾಗಿದೆ ಎಂದೇ ಅರ್ಥ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಹೆಡ್‌ನ ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ ಎಂದು ಸಾವಿರದ ನಾನೂರು ಡಾಲರಿನ ಅಂದಾಜು ಕೊಟ್ಟರು. ಸಿಲಿಂಡರ್ ಒಳಗಿನ ಒತ್ತಡವನ್ನು (ಕಂಪ್ರೆಷನ್) ನಾನೇ ಅಳೆದು ನೋಡಿದೆ, ನಾಲ್ಕೂ ಸಿಲಿಂಡರ್ ಸರಿಯಾಗಿದ್ದವು. ಅಂದಾಜು ಪತ್ರವನ್ನು ಮಡಿಚಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟೆ, ಇನ್ನೂ ಅಲ್ಲೇ ಇದೆ.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಎಂಜಿನ್‌ನ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ ಥರ್ಮೋಸ್ಟಾಟ್, ಬೇಗ ತೆರೆಯುವ ತಂಪಿನದನ್ನು ಹಾಕಿದೆ. ಬೆಳಗಿನ ಹೊತ್ತು ಎಂಜಿನ್ ತಣ್ಣಗೆ ಓಡಿತು, ಮಧ್ಯಾಹ್ನದ ಸ್ಥಿತಿ ಮೊದಲಿನಂತೆಯೇ. ಅದು ಬಾಗಿಲು ಬೇಗ ತೆರೆಯುತ್ತದೆ ಅಷ್ಟೇ, ಪೂರ್ತಿ ತೆರೆದ ಮೇಲೆ ಅದರ ಪಾತ್ರ ಮುಗಿಯಿತು. ಹಳೆಯ ರೇಡಿಯೇಟರ್‌ನ ಪ್ಲಾಸ್ಟಿಕ್ ಕಪ್ಪು ಹೋಗಿ ಹಸಿರುಗಂದು ಬಣ್ಣಕ್ಕೆ ತಿರುಗಿತ್ತು. ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತು, ಅದು ಸೀಳುವ ಮುನ್ಸೂಚನೆ. ಬದಲಿಸಲೇಬೇಕಿತ್ತು, ಬದಲಿಸುವುದೇ ಆದರೆ ದಪ್ಪನೆಯ ಅಲ್ಯೂಮಿನಿಯಂದು ಇರಲಿ ಎಂದು 350 ಡಾಲರ್ ಸುರಿದೆ. ಇಳಿದದ್ದು ಎರಡೋ ಮೂರೋ ಡಿಗ್ರಿ, ಏರಿದ್ದು ನೀರೂ ಸೇರಿ ನಾಲ್ಕೈದು ಕೆಜಿ. ಜೋಡಿ ಫ್ಯಾನ್‌ಗೆ 150 ಡಾಲರ್. ದಟ್ಟಣೆಯಲ್ಲಿ ಸ್ವಲ್ಪ ಅನುಕೂಲವಾಯಿತು, ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಏನೂ ಇಲ್ಲ.

ಬಾನೆಟ್‌ನ ಹಿಂಬದಿಗೆ ವಾಷರ್ ಕೊಟ್ಟು ಎತ್ತರಿಸುವ ಚಾಳಿ ಇಲ್ಲಿ ಬಹಳ ಜನರಿಗಿದೆ. ಬಿಸಿಗಾಳಿ ಹೊರಗೆ ಹೋಗುತ್ತದೆ ಎಂಬ ನಂಬಿಕೆ. ನಿಂತ ಕಾರಿನಲ್ಲಿ ಹೋಗುವುದೂ ನಿಜ. ನಾನು ಬಾನೆಟ್ ತುಂಬ ಉಲ್ಲನ್ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿ, ಮುಂದಿನ ಕಾರಿನಿಂದ ಗೆಳೆಯರೊಬ್ಬರು ವಿಡಿಯೊ ತೆಗೆಯುವಂತೆ ಮಾಡಿದೆ. ವೇಗ ಏರಿದಂತೆ ಗಾಜಿನ ಬುಡದ ದಾರಗಳು ಹಿಂದುಮುಂದಾಗಿ ತಿರುಗಿ ಸಂದಿಯೊಳಗೆ ನುಗ್ಗಿದವು. ಗಾಜಿಗೆ ಬಡಿದ ಗಾಳಿ ಅಲ್ಲಿ ಒತ್ತಡ ಕಟ್ಟುತ್ತದೆ, ಆ ಸಂದಿಯಿಂದ ಗಾಳಿ ಹೊರಗೆ ಬರುವ ಬದಲು ಒಳಗೇ ಹೋಗುತ್ತದೆ. ವಾಷರ್‌ಗಳನ್ನು ಅಂದೇ ಬಿಚ್ಚಿದೆ. ಆದರೆ ಅದೇ ವಿಡಿಯೊದಲ್ಲಿ ದಾರಗಳು ಮೇಲಕ್ಕೆ ಸೆಳೆದುಕೊಂಡು ನಿಂತ ಜಾಗವೂ ಒಂದು ಕಂಡಿತು. ಈಗ ಅಲ್ಲೊಂದು ಸೀಳು ಮಾಡಿದ್ದೇನೆ. ಎಲ್ಲಿ ಎಂದು ಹೇಳುವುದಿಲ್ಲ. ದಾರಕ್ಕೂ ಟೇಪಿಗೂ ಐದು ಡಾಲರ್ ಸಾಕು, ನೀವೇ ನೋಡಿಕೊಳ್ಳಿ.

ಸುಳಿವು ಸಿಕ್ಕಿದ್ದು ಹೀಟರ್‌ನಿಂದ. ಕಾರು ಕಾದಾಗ ಹೀಟರ್ ಹಾಕುವುದು ಹಳೆಯ ಉಪಾಯ. ಆದರೆ ಆ ಪುಟ್ಟ ಹೀಟರ್ ಎಳೆಯಬಹುದಾದ ಶಾಖಕ್ಕಿಂತ ಬಹಳ ಹೆಚ್ಚು ಪರಿಣಾಮ ಈ ಕಾರಿನಲ್ಲಿ ಕಾಣುತ್ತಿತ್ತು. ಹೆಡ್‌ನ ಮುಂದೊಂದು ಹಿಂದೊಂದು ಸೆನ್ಸರ್ ಕಟ್ಟಿ ನೋಡಿದೆ. ಏರು ರಸ್ತೆಯಲ್ಲಿ ಎರಡರ ನಡುವೆ ಹತ್ತು ಹನ್ನೆರಡು ಡಿಗ್ರಿ ವ್ಯತ್ಯಾಸ. ಈ ಎಂಜಿನ್ ಮೂಲತಃ ಮಜ್ದಾ 323ರಲ್ಲಿ ಅಡ್ಡಡ್ಡಲಾಗಿ ಕೂರುತ್ತಿತ್ತು. ಅಲ್ಲಿ ಪಂಪ್ ಒಂದು ತುದಿಯಲ್ಲಿ, ಥರ್ಮೋಸ್ಟಾಟ್ ಇನ್ನೊಂದು ತುದಿಯಲ್ಲಿ. ಮಿಯಾಟಾಕ್ಕಾಗಿ ಉದ್ದಕ್ಕೆ ತಿರುಗಿಸಿದಾಗ ಥರ್ಮೋಸ್ಟಾಟ್ ಇದ್ದ ಆ ತುದಿ ಹಿಂದಕ್ಕೆ ಬಂದು, ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲ್‌ಗೆ ಮುಖಮಾಡಿತು. ಜಾಗ ಸಾಲದೆ ಥರ್ಮೋಸ್ಟಾಟನ್ನು ಮುಂದಕ್ಕೆ ತಂದು, ಹಿಂದಿನ ಬಾಯಿಯನ್ನು ಹೀಟರ್‌ಗೆ ಮಾತ್ರ ಬಿಟ್ಟರು. ಹಾಗಾಗಿ ನೀರು ಮುಂದಿನಿಂದ ಒಳಗೆ ಬಂದು ಬಹುಪಾಲು ಮುಂದಿನಿಂದಲೇ ಹೊರಗೆ ಹೋಗುತ್ತದೆ. ತಲೆಗಾಲುವೆಯವನೇ ನೀರು ತಿರುಗಿಸಿಕೊಂಡರೆ ಕೊನೆಯ ಗದ್ದೆಯವನ ಗತಿ ಏನೋ, ಎಲ್ಲಕ್ಕಿಂತ ಹಿಂದಿರುವ ನಾಲ್ಕನೆಯ ಸಿಲಿಂಡರ್‌ನ ಗತಿಯೂ ಅದೇ. ರೇಡಿಯೇಟರ್ ಎಷ್ಟು ದಪ್ಪವಾದರೇನು?

ಥರ್ಮೋಸ್ಟಾಟನ್ನು ಮತ್ತೆ ಹಿಂದಿನ ಬಾಯಿಗೆ ಒಯ್ದು ನೀರಿನ ದಾರಿ ಬದಲಿಸುವ ವಿದ್ಯೆ ನನ್ನ ಆವಿಷ್ಕಾರವಲ್ಲ, ರೇಸ್ ಮತ್ತು ಟರ್ಬೊ ಮಂದಿ ಮೊದಲಿನಿಂದ ಮಾಡುತ್ತಿದ್ದಾರೆ. ಟರ್ಬೊ ಇಲ್ಲದ, ದಿನಾ ಆಫೀಸಿಗೆ ಹೋಗುವ ಕಾರಿಗೆ ಅದು ದಂಡ ಎಂಬುದು ಇಲ್ಲಿನ ವೇದವಾಕ್ಯ. ಸಿದ್ಧ ಕಿಟ್‌ಗೆ ಆಗ ಮುನ್ನೂರರಿಂದ ನಾನೂರು ಡಾಲರ್ ಕೇಳುತ್ತಿದ್ದರು. ನಾನು ಗುಜರಿಯಿಂದ ಹಳೆಯ ಕಿಯಾ ಸ್ಪೋರ್ಟೇಜ್‌ನ ಥರ್ಮೋಸ್ಟಾಟ್ ಕೊಳವೆ ತಂದೆ, ಅದು ಹೆಚ್ಚೂಕಡಿಮೆ ಹೊಂದುತ್ತದೆ. ನಡುವಿನ ಸ್ಪೇಸರ್ ಕೊಂಡೆ, ಲಾರಿಗೆ ಹಾಕುವ ಉದ್ದನೆಯ ರಬ್ಬರ್ ಹೋಸ್ ಒಂದನ್ನು ಬೇಕಾದಲ್ಲಿ ಕತ್ತರಿಸಿಕೊಂಡೆ. ಎಲ್ಲ ಸೇರಿ 180 ಡಾಲರ್ ಆಸುಪಾಸು.

ಎಂಜಿನ್ ಇಳಿಸದೆ ಮಾಡಬಹುದು, ಕೈ ಮಾತ್ರ ಸಣ್ಣದಿರಬೇಕು. ಇಗ್ನಿಷನ್ ಕಾಯಿಲ್ ಬಿಚ್ಚಿ ಬದಿಗಿಡಲೇಬೇಕು. ಹೆಡ್‌ನ ಹಿಂದಿರುವ ಕ್ಯಾಮ್ ಆ್ಯಂಗಲ್ ಸೆನ್ಸರ್‌ನ ರಬ್ಬರ್ ಬಳೆ (ಓ-ರಿಂಗ್) ಹೇಗೂ ಎಣ್ಣೆ ಸೋರುತ್ತಿರುತ್ತದೆ, ಕೈ ಅಲ್ಲಿಗೆ ಹೋದಾಗಲೇ ಬದಲಿಸಿಬಿಡಿ, ಖರ್ಚು ಅಲ್ಪ. ಫ್ಯಾನ್ ಚಾಲೂ ಮಾಡುವ ಸ್ವಿಚ್ ಮುಂದಿನ ಹಳೆಯ ಥರ್ಮೋಸ್ಟಾಟ್‌ನ ಕವಚದಲ್ಲಿದೆ. ಮುಂದಿನ ಬಾಯಿ ಮುಚ್ಚಿದ ಮೇಲೆ ಅಲ್ಲಿ ಬಿಸಿನೀರು ಹರಿಯುವುದೇ ಇಲ್ಲ, ಫ್ಯಾನ್ ತಿರುಗುವುದೂ ಇಲ್ಲ. ಈ ಸ್ವಿಚ್ಚನ್ನು ಹೊಸ ದಾರಿಗೆ ಸ್ಥಳಾಂತರಿಸದೆ, ನೀರಿನ ದಾರಿ ಬದಲಿಸಿದರೂ ಕಾಯುತ್ತದೆ ಎಂದು ದೂರುವವರನ್ನು ನೋಡಿದ್ದೇನೆ. ಥರ್ಮೋಸ್ಟಾಟ್‌ನ ತಟ್ಟೆಗೆ ಚಿಕ್ಕ ರಂಧ್ರ ಕೊರೆಯಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ತೆರೆಯುವುದು ತಡವಾಗುತ್ತದೆ. ರಂಧ್ರದ ಅಳತೆಯಲ್ಲೇ ಎಲ್ಲ ಇದೆ, ಅದನ್ನು ಕಂಡುಕೊಳ್ಳಲು ಕೆಲವು ಥರ್ಮೋಸ್ಟಾಟ್‌ಗಳನ್ನು ಹಾಳುಮಾಡಿದ್ದೇನೆ. ಅದನ್ನು ಪುಕ್ಕಟೆ ಕೊಡುವ ಮನಸ್ಸಿಲ್ಲ.

ಹೆದ್ದಾರಿಯ ಕಾಯುವಿಕೆಗೆ ಮದ್ದು ಬೇರೆ. ನಾನು ಕೊಂಡಾಗ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಇರಲಿಲ್ಲ. ಎಣ್ಣೆ ಬದಲಿಸುವವರು ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವುದಿಲ್ಲ, ಇಲ್ಲಿನ ಅರ್ಧ ಮಿಯಾಟಾಗಳ ಕಥೆ ಇದೇ. ಅದಿಲ್ಲದಿದ್ದರೆ ಮೂತಿಯಿಂದ ಬಂದ ಗಾಳಿ ರೇಡಿಯೇಟರ್ ಹೊಗದೆ ಕೆಳಗಿನಿಂದ ಜಾರಿಹೋಗುತ್ತದೆ. ಬಳಸಿದ್ದೊಂದು 120 ಡಾಲರಿಗೆ ಸಿಕ್ಕಿತು. ಮೂತಿಗೂ ರೇಡಿಯೇಟರ್‌ಗೂ ನಡುವಿನ ಸಂದಿಗಳನ್ನೆಲ್ಲ ತೆಳು ಅಲ್ಯೂಮಿನಿಯಂ ತಗಡು ಮತ್ತು ಫೋಮ್‌ನಿಂದ ಮುಚ್ಚಿದೆ, ನಲವತ್ತು ಡಾಲರ್. ಕೂಲಂಟ್‌ನಲ್ಲಿ ಗ್ಲೈಕಾಲ್ ಕಡಿಮೆ ಮಾಡಿ ಡಿಸ್ಟಿಲ್ಡ್ ನೀರು ಹೆಚ್ಚಿಸಿದೆ. ಇಲ್ಲಿ ನೀರು ಹೆಪ್ಪುಗಟ್ಟುವುದು ಅಪರೂಪ, ಶಾಖ ಹೊರುವುದರಲ್ಲಿ ಬರಿಯ ನೀರೇ ಮೇಲು.

ಲೆಕ್ಕ ಹಾಕಿದರೆ ಕೆಲಸ ಮಾಡಿದ ಮದ್ದಿಗೆ 350 ಡಾಲರ್ ಚಿಲ್ಲರೆ, ಮಾಡದ ಮದ್ದುಗಳಿಗೆ ಐನೂರಕ್ಕೂ ಹೆಚ್ಚು. ಮುಂದು ಹಿಂದಿನ ವ್ಯತ್ಯಾಸ ಈಗ ಮೂರು ನಾಲ್ಕು ಡಿಗ್ರಿ. ಸ್ಯಾನ್ ಮಾರ್ಕೋಸ್‌ನ ಹ್ಯಾರಿಸ್ ಹಿಲ್ ಟ್ರ್ಯಾಕ್‌ನಲ್ಲಿ, ಜೂನ್ ತಿಂಗಳ ಮಧ್ಯಾಹ್ನ, ಇಪ್ಪತ್ತು ನಿಮಿಷದ ಪೂರ್ತಿ ಅವಧಿ ಓಡಿಸಿ ಹೊರಬಂದೆ. ನಾಲ್ಕು ಪಟ್ಟು ಶಕ್ತಿಯ ಮಸ್ಟಾಂಗ್ ಒಂದು ಅರ್ಧದಲ್ಲೇ ತಣಿಯಲು ಒಳಗೆ ಬಂದಿತ್ತು. ವಿ8 ಹಾಕಿ ಎಂದಿದ್ದ ಮಹಾಶಯರದೇ ಅದು. ನಾನು ಏನೂ ಹೇಳಲಿಲ್ಲ, ಗೇಜ್ ಮಾತ್ರ ತೋರಿಸಿದೆ.

ಇನ್ನು ತೂಕದ ಹುಚ್ಚು. ಬಿಚ್ಚಿದ್ದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲೋ ಸೂಟ್‌ಕೇಸ್ ತೂಗುವ ಕೊಕ್ಕೆಯಲ್ಲೋ ತೂಗಿ ಬರೆದಿಟ್ಟಿದ್ದೇನೆ. ಡಿಕ್ಕಿಯಲ್ಲಿರುವ ಬ್ಯಾಟರಿಯ ಬದಲು ಲಿಥಿಯಂ ಹಾಕಿದ್ದಕ್ಕೆ ಏಳು ಕೆಜಿ ಉಳಿಯಿತು, ಆದರೆ ದುಬಾರಿ. ಸ್ಟೆಪ್ನಿ ಮತ್ತು ಜಾಕ್ ತೆಗೆದರೆ ಹದಿನೈದರ ಹತ್ತಿರ, ಊರೊಳಗೆ ಮಾತ್ರ ಆ ಧೈರ್ಯ. ಸದ್ದು ತಗ್ಗಿಸಲು ಕಾರಿನ ನೆಲಕ್ಕೆ ಅಂಟಿಸಿದ ಟಾರನ್ನು ಡ್ರೈ ಐಸ್ ಸುರಿದು ಸುತ್ತಿಗೆಯಿಂದ ತಟ್ಟಿ ಎಬ್ಬಿಸಿದೆ. ಇಡೀ ಭಾನುವಾರ ಹೋಯಿತು, ಬಂದದ್ದು ಐದಾರು ಕೆಜಿ, ಜೊತೆಗೆ ಜೀವನಪೂರ್ತಿ ಗದ್ದಲ. ಬೇಡ. ಎಸಿ ತೆಗೆದರೆ ಇಪ್ಪತ್ತಕ್ಕೂ ಹೆಚ್ಚು ಉಳಿಯುತ್ತದೆ ಎನ್ನುತ್ತಾರೆ. ಹಾಗೆನ್ನುವವರು ಟೆಕ್ಸಸ್‌ನಲ್ಲಿ ಇಲ್ಲ. ನನ್ನದು ಎಸಿಗೆ ಆರ್-12 ಎಂಬ ಹಳೆಯ ಅನಿಲ ತುಂಬುತ್ತಿದ್ದ ಕಾಲದ ಕಾರು, ಆರ್-134ಎಗೆ ಬದಲಿಸಿಕೊಂಡೆ.

ಇಷ್ಟೆಲ್ಲ ಇಳಿಸಿದ್ದರಲ್ಲಿ ಒಂದು ಪಾಲನ್ನು ಉಕ್ಕಿನ ಪೆಟ್ಟಿಗೆಯೊಂದು ತಿಂದುಹಾಕಿತು. ಡಿಕ್ಕಿಯಲ್ಲಿ ಚೌಕಟ್ಟಿಗೆ ಕೇಬಲ್‌ನಿಂದ ಬಿಗಿದ, ಕೋವಿಯ ಬೀಗದ ಪೆಟ್ಟಿಗೆ. ನಮ್ಮದು ಕೊಡಗು. ಕೈಲ್‌ಪೊಳ್ದ್ ಎಂಬ ನಮ್ಮ ಆಯುಧಪೂಜೆಯ ಹಬ್ಬದ ದಿನ ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ, ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಮನೆಯಲ್ಲಿ ಬೆಳೆದವನು ನಾನು. ಗಂಡು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಇಂಥ ಹಿನ್ನೆಲೆಯವನು ಬಂದೂಕುಗಳ ನಾಡು ಎನಿಸಿಕೊಂಡ ಟೆಕ್ಸಸ್‌ಗೆ ಬಂದರೆ ಎಚ್-1ಬಿ ಎಂಬ ಕೆಲಸದ ವೀಸಾದವನು ಕೋವಿ ಮುಟ್ಟುವಂತಿಲ್ಲ ಎಂಬುದು ಫೆಡರಲ್ ಕಾನೂನು! ಬೇಟೆಯ ಪರವಾನಗಿ ಇದ್ದರೆ ವಿನಾಯಿತಿ. ಹಾಗಾಗಿ ಇಲ್ಲಿ ಜಿಂಕೆಯ ಮುಖ ನೋಡುವ ಮೊದಲೇ ಬೇಟೆಯ ಪರವಾನಗಿ ಮಾಡಿಸಿದೆ.

ಈಗ ಗ್ರೀನ್ ಕಾರ್ಡ್ ಇದೆ, ಆ ತೊಡಕಿಲ್ಲ. 2021ರ ಸೆಪ್ಟೆಂಬರ್‌ನಿಂದ ಈ ರಾಜ್ಯದಲ್ಲಿ 21 ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರು ಬೇಕಾದರೂ ಪರವಾನಗಿಯಿಲ್ಲದೆ ಪಿಸ್ತೂಲು ಒಯ್ಯಬಹುದು. ಹಕ್ಕಿನ ಪರವಾಗಿಯೇ ನಾನಿದ್ದೇನೆ, ಆದರೆ ಕೋವಿಯನ್ನು ದೇವರ ಕೋಣೆಯಿಂದ ಎತ್ತಿಕೊಡುವ ಮುನ್ನ ದೊಡ್ಡಪ್ಪ ನನ್ನಿಂದ ಮಾಡಿಸಿದ ಅಭ್ಯಾಸದ ಅರ್ಧವನ್ನೂ ಇಲ್ಲಿ ಯಾರೂ ಕೇಳುವುದಿಲ್ಲ. ಅದು ನನಗೆ ಸರಿಕಾಣುವುದಿಲ್ಲ. ಈ ಮಾತಿಗೆ ಎರಡೂ ಕಡೆಯ ಗೆಳೆಯರು ಮುಖ ಸಿಂಡರಿಸುತ್ತಾರೆ.

ಕಾರಿನ ಮಟ್ಟಿಗೆ ಹೇಳುವುದಾದರೆ, ಬಟ್ಟೆ ಟಾಪ್‌ನ ಕಾರಿನಲ್ಲಿ ಕೋವಿ ಬಿಟ್ಟು ಊಟಕ್ಕೆ ಹೋಗುವುದು ಕಳ್ಳನಿಗೆ ಕೊಟ್ಟ ಆಹ್ವಾನ. ಬೀಗ ಹಾಕಿದರೂ ಚಾಕುವೊಂದು ಸಾಕು. ಡಿಕ್ಕಿಯ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ರಾಜ್ಯದ ಗಡಿ ದಾಟುವಾಗ ತೋಟಾ ತೆಗೆದು, ಬೀಗ ಹಾಕಿ, ಕೈಗೆ ಸಿಗದಂತೆ ಇಟ್ಟರೆ 1986ರ ಫೆಡರಲ್ ಕಾನೂನು ದಾರಿಯುದ್ದಕ್ಕೂ ರಕ್ಷಣೆ ಕೊಡುತ್ತದೆ, ಹೊರಡುವ ಊರಿನಲ್ಲೂ ತಲುಪುವ ಊರಿನಲ್ಲೂ ಅದು ನಿಮಗೆ ಸಕ್ರಮವಾಗಿದ್ದರೆ. ನನ್ನ ಜೋಡುನಳಿಗೆಯ ಹನ್ನೆರಡು ಬೋರ್ ಕೋವಿ ಎರಡು ತುಂಡಾಗಿ ಬಿಚ್ಚಿಕೊಳ್ಳುವುದರಿಂದ ಮಿಯಾಟಾದ ಡಿಕ್ಕಿಯಲ್ಲಿ ಓರೆಯಾಗಿ ಹಿಡಿಸುತ್ತದೆ. ರೈಫಲ್ ಇಟ್ಟುಕೊಂಡವರು ಬೇರೆ ಕಾರು ನೋಡಿಕೊಳ್ಳಬೇಕು. ಜೇಡಿಮಣ್ಣಿನ ತಟ್ಟೆಗೆ ಹೊಡೆಯುವ ಮೈದಾನಕ್ಕೆ ಹೋಗುವಾಗ ನಾಲ್ಕು ಪೆಟ್ಟಿಗೆ ತೋಟಾ, ಐದು ಕೆಜಿ. ಬರುವಾಗ ಕಾರು ಅಷ್ಟು ಚುರುಕು.

ಚುರುಕು ನೋಡಬೇಕೆಂದರೆ ಲೇಕಿ ಊರಿನ ಸುತ್ತಲಿನ 335, 336, 337ನೇ ರ‍್ಯಾಂಚ್ ರಸ್ತೆಗಳಿಗೆ ಹೋಗಿ. ಮಡಿಕೇರಿ ಘಾಟಿಯಷ್ಟು ಹಸಿರಿಲ್ಲ, ತಿರುವುಗಳಿವೆ. ಎರಡನೇ ಗೇರಿನಲ್ಲಿ ಏಳು ಸಾವಿರದವರೆಗೆ ಎಳೆದು ಮೂರನೆಯದಕ್ಕೆ ಹಾಕಿದರೂ ಕಾನೂನಿನ ವೇಗದ ಹತ್ತಿರವೇ ಇರುತ್ತೀರಿ, ಹಗುರ ಕಾರಿನ ಲಾಭ ಅದೇ. ಕತ್ತಲಾಗುವ ಮುನ್ನ ಹೊರಟುಬಿಡಿ, ಜಿಂಕೆಗಳು ರಸ್ತೆಗಿಳಿಯುತ್ತವೆ.

ಮುಂದಿನ ಪ್ರಯೋಗ ಆಯಿಲ್ ಕೂಲರ್. ಬೇಡ ಎನ್ನುವವರ ಪಟ್ಟಿ ಆಗಲೇ ಬೆಳೆಯುತ್ತಿದೆ. ದಪ್ಪ ರೇಡಿಯೇಟರ್ ಬಿಚ್ಚಿ ತೆಳುವಾದದ್ದನ್ನು ಹಾಕಿದ್ದೇನೆ, ಗೇಜ್‌ಗೆ ವ್ಯತ್ಯಾಸವೇ ತಿಳಿಯಲಿಲ್ಲ. ದಪ್ಪದ್ದು ಗ್ಯಾರೇಜಿನಲ್ಲಿದೆ, 150 ಡಾಲರ್ ಕೊಟ್ಟವರಿಗೆ ಕೊಡುತ್ತೇನೆ. ಇಷ್ಟು ಓದಿದ ಮೇಲೂ ಬೇಕೆನ್ನುವವರು ಚೌಕಾಸಿ ಮಾಡಬಾರದು.